ಹೋಸ್ಟ್‌ನಲ್ಲಿ ಸಿಪಿಯು ಉಳಿದಿದೆ, ವಿಎಂ ಮಾತ್ರ ನಿಧಾನ

ಡೇಟಾಬೇಸ್ ವಿಎಂ (ವರ್ಚುವಲ್ ಮೆಷಿನ್, ಒಂದು ಸರ್ವರ್ ಒಳಗೆ ಪ್ರತ್ಯೇಕ ಕಂಪ್ಯೂಟರ್‌ನಂತೆ ಓಡುವಂಥದ್ದು) ನಿಧಾನ ಅಂತ ದೂರು ಬಂತು. ವಿಎಂಗಳನ್ನು ಓಡಿಸುವ ಸರ್ವರ್, ಅಂದರೆ ನಮ್ಮ ಇಎಸ್‌ಎಕ್ಸ್‌ಐ (ವಿಎಂವೇರ್‌ನ ಸಾಫ್ಟ್‌ವೇರ್) ಹೋಸ್ಟ್‌ನ ಸಿಪಿಯು ಬಳಕೆ ಶೇ. 60ರ ಆಸುಪಾಸಿನಲ್ಲಿತ್ತು. ವಿಎಂ ಒಳಗೆ ನೋಡಿದರೂ ಸಿಪಿಯು ಭರ್ತಿಯಾಗಿರಲಿಲ್ಲ. ಹಾಗಾದ್ರೆ ಡಿಸ್ಕ್‌ದೇ ತೊಂದರೆ ಎಂದು ತಂಡದಲ್ಲಿ ಮಾತು ಶುರುವಾಯಿತು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಎಷ್ಟು ಕೆಲಸ ನಡೆಯಿತು ಎಂದು ಬಳಕೆಯ ಅಂಕಿ ಹೇಳುತ್ತದೆ. ಕೆಲಸ ಎಷ್ಟು ಹೊತ್ತು ಕಾಯಿತು ಎಂದು ಹೇಳುವುದಿಲ್ಲ.

ಅದನ್ನು ಹೇಳುವುದು ‘ಸಿಪಿಯು ರೆಡಿ’. ವಿಎಂ ಓಡಲು ಸಿದ್ಧವಿದ್ದೂ ಹೋಸ್ಟ್‌ನ ಪ್ರೊಸೆಸರ್ ಕೋರ್ ಸಿಗದೆ ಕಾದ ಸಮಯ ಅದು. ಹೋಸ್ಟ್‌ಗಳನ್ನು ನಿರ್ವಹಿಸುವ ವಿಸೆಂಟರ್ ಇದನ್ನು ಮಿಲಿಸೆಕೆಂಡ್‌ನಲ್ಲಿ ತೋರಿಸುತ್ತದೆ. ರಿಯಲ್‌ಟೈಮ್ ಚಾರ್ಟ್‌ನ ಒಂದು ಬಿಂದು 20 ಸೆಕೆಂಡ್‌ನದ್ದು, ಅಂದರೆ 20,000 ಮಿಲಿಸೆಕೆಂಡ್. ನಮ್ಮ ವಿಎಂನ ರೆಡಿ 6,400 ಇತ್ತು, ಶೇ. 32. ನೋಡಿದ ತಕ್ಷಣ ಗಾಬರಿಯಾಗುತ್ತೆ, ಅಲ್ವಾ? ಆದರೆ ಅದು ಆ ವಿಎಂಗೆ ಕೊಟ್ಟ 8 ವಿಸಿಪಿಯುಗಳ (ವರ್ಚುವಲ್ ಸಿಪಿಯು) ಮೊತ್ತ. ಒಂದೊಂದರ ಪಾಲು ಶೇ. 4. ನಾನು ಶೇ. 5ರ ತನಕ ಸುಮ್ಮನಿರುತ್ತೇನೆ, 10 ದಾಟಿದರೆ ಬೇರೆ ಕೆಲಸ ಬಿಟ್ಟು ಕೂರುತ್ತೇನೆ. ಅಂದಹಾಗೆ, ದಿನದ ಚಾರ್ಟ್‌ನಲ್ಲಿ ಒಂದು ಬಿಂದು 5 ನಿಮಿಷದ್ದು. ಅಲ್ಲಿ 3,00,000ದಿಂದ ಭಾಗಿಸಬೇಕು. 20,000ದಿಂದಲೇ ಭಾಗಿಸಿದರೆ ಸುಮ್ನೆ ಭಯ.

ರೆಡಿ ಒಂದರಿಂದಲೇ ಇಷ್ಟು ನಿಧಾನವಾಗುವುದಿಲ್ಲ ಅನಿಸಿ ಹೋಸ್ಟ್‌ನ ಅಂಕಿಗಳನ್ನು ವಿವರವಾಗಿ ತೋರಿಸುವ ಇಎಸ್‌ಎಕ್ಸ್‌ಟಾಪ್ ತೆರೆದೆ. ‘ಇ’ ಒತ್ತಿ ಆ ವಿಎಂನ ಗುಂಪಿನ ಸಂಖ್ಯೆ ಕೊಟ್ಟರೆ ಪ್ರತಿ ವಿಸಿಪಿಯುವಿನ ಲೆಕ್ಕ ಬೇರೆಬೇರೆಯಾಗಿ ಕಾಣುತ್ತದೆ. ಕೋ-ಸ್ಟಾಪ್ ಒಂದೊಂದಕ್ಕೂ ಶೇ. 9ರ ಹತ್ತಿರ! ಇದು 3 ದಾಟಿದರೇ ನನಗೆ ಅನುಮಾನ. ಒಂದೇ ವಿಎಂನ ಕೆಲವು ವಿಸಿಪಿಯುಗಳು ಮುಂದೆ ಓಡಿ, ಉಳಿದವಕ್ಕೆ ಕೋರ್ ಸಿಗದೆ ಹಿಂದೆ ಬಿದ್ದರೆ, ಮುಂದೆ ಹೋದವನ್ನು ಶೆಡ್ಯೂಲರ್ (ಕೋರ್ ಹಂಚುವ ಭಾಗ) ತಡೆದು ನಿಲ್ಲಿಸುತ್ತದೆ. ಹಾಗೆ ನಿಂತ ಹೊತ್ತೇ ಕೋ-ಸ್ಟಾಪ್. ಸ್ನ್ಯಾಪ್‌ಶಾಟ್ (ವಿಎಂನ ಹಿಂದಿನ ಸ್ಥಿತಿಯನ್ನು ಉಳಿಸಿಟ್ಟದ್ದು) ಇದ್ದರೂ ಇದು ಏರಬಹುದು. ನಮ್ಮಲ್ಲಿ ಸ್ನ್ಯಾಪ್‌ಶಾಟ್ ಇರಲಿಲ್ಲ.

ಆ ವಿಎಂಗೆ 8 ಕೊಟ್ಟಿದ್ದರೂ ಒಟ್ಟು ಬಳಕೆ 3 ವಿಸಿಪಿಯುಗಳಷ್ಟನ್ನು ದಾಟುತ್ತಿದ್ದುದು ಅಪರೂಪ. ಪಕ್ಕದ ವಿಎಂಗಳದ್ದೂ ಅದೇ ಕಥೆ, ಎಲ್ಲಕ್ಕೂ ಬೇಕಾದ್ದಕ್ಕಿಂತ ಜಾಸ್ತಿ. ವಿಸಿಪಿಯು ಕಡಿಮೆ ಮಾಡೋಣ ಎಂದೆ. ‘ಈಗಲೇ ನಿಧಾನ, ಇನ್ನೂ ಕಿತ್ತುಕೊಳ್ತೀರಾ?’ ಎಂದು ಅಪ್ಲಿಕೇಶನ್ ತಂಡದವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅವರ ಮುಂದೆಯೇ ಇಎಸ್‌ಎಕ್ಸ್‌ಟಾಪ್ ತೋರಿಸಿದ ಮೇಲೆ ಒಪ್ಪಿದರು. ವಿಎಂ ಆಫ್ ಮಾಡಿ 4ಕ್ಕೆ ಇಳಿಸಿದೆ. ದೊಡ್ಡ ನೆರೆಯ ವಿಎಂಗಳನ್ನೂ ಇಳಿಸಿದೆ. ಕೋ-ಸ್ಟಾಪ್ ಸೊನ್ನೆಯ ಹತ್ತಿರ ಬಂತು, ಕ್ವೆರಿಗಳು ಚುರುಕಾದವು. ಹೋಸ್ಟ್‌ನ ಬಳಕೆ ಮಾತ್ರ ಹೆಚ್ಚುಕಮ್ಮಿ ಮೊದಲಿನಷ್ಟೇ.

ಅದೇ ಹೋಸ್ಟ್‌ನ ಒಂದು ಸಣ್ಣ ವಿಎಂನಲ್ಲಿ ಮಾತ್ರ ರೆಡಿ ಇಳಿಯಲೇ ಇಲ್ಲ. ಅದರ ಮ್ಯಾಕ್ಸ್ ಲಿಮಿಟೆಡ್ (ಸಿಪಿಯು ಬಳಕೆಗೆ ಹಾಕಿದ ಗರಿಷ್ಠ ಮಿತಿಯಿಂದ ತಡೆದ ಸಮಯ) ಕಾಲಂ ನೋಡಿದೆ, ರೆಡಿಯಷ್ಟೇ ಇತ್ತು. ಇಎಸ್‌ಎಕ್ಸ್‌ಟಾಪ್‌ನ ರೆಡಿಯಲ್ಲಿ ಇದೂ ಸೇರಿರುತ್ತದೆ, ಕಳೆದು ನೋಡಬೇಕು. ಕಳೆದರೆ ಉಳಿದದ್ದು ಏನೂ ಇಲ್ಲ. ಯಾರೋ ಹಿಂದೆ ಹಾಕಿದ್ದ ಸಿಪಿಯು ಲಿಮಿಟ್ ಹಾಗೇ ಉಳಿದಿತ್ತು. ಕೋರ್‌ಗಾಗಿ ಪೈಪೋಟಿಯೇ ಇರಲಿಲ್ಲ. ಲಿಮಿಟ್ ತೆಗೆದೆ, ರೆಡಿ ಇಳಿಯಿತು.