313ರ ಹಾಳೆಗಳಿಂದಲೇ ಅಪೀಲು ಗೆದ್ದೆವು

ಲಾ ಕಾಲೇಜಿನ ಕಾನೂನು ನೆರವು ಕ್ಲಿನಿಕ್ ನೋಡಿಕೊಳ್ಳುವುದು ನನ್ನ ಕೆಲಸ. ಕಳೆದ ವರ್ಷ ಕೊಲೆ ಕೇಸೊಂದರ ಜೀವಾವಧಿ ಶಿಕ್ಷೆ ಹೈಕೋರ್ಟ್‌ನಲ್ಲಿ ರದ್ದಾಯಿತು. ಅಪೀಲಿನ ಟಿಪ್ಪಣಿ ಪೂರ್ತಿ ತಯಾರಿಸಿದ್ದು ನಮ್ಮ ನಾಲ್ಕನೇ ವರ್ಷದ ವಿದ್ಯಾರ್ಥಿಗಳು. "ಹುಡುಗರಿಗೆ ಮಾರ್ಕ್ಸ್ ಸಿಗಬಹುದು, ಕೈದಿಗೆ ಏನೂ ಸಿಗಲ್ಲ" ಎಂದಿದ್ದ ವಕೀಲ ಮಿತ್ರರೇ ಈಗ ನಮಗೆ ಫೈಲು ಕಳಿಸುತ್ತಿದ್ದಾರೆ.

ಮೊದಲೊಂದೆರಡು ವರ್ಷ ಏನೂ ಕೈಗೆ ಹತ್ತಲಿಲ್ಲ. ತಪ್ಪಾಗಿ ಶಿಕ್ಷೆಯಾದವರನ್ನು ಡಿಎನ್ಎ ಪರೀಕ್ಷೆಯಿಂದ ಬಿಡಿಸುವ, 1992ರಲ್ಲಿ ಅಮೆರಿಕದ ಕಾರ್ಡೋಜೊ ಲಾ ಸ್ಕೂಲಿನಲ್ಲಿ ಶುರುವಾದ ಇನ್ನೊಸೆನ್ಸ್ ಪ್ರಾಜೆಕ್ಟ್ ಎಲ್ಲರ ತಲೆಯಲ್ಲಿತ್ತು. ಹಾಗಾಗಿ ನಾವೂ ಡಿಎನ್ಎ ಹಿಂದೆ ಬಿದ್ದೆವು. ನಮಗೆ ಸಿಕ್ಕ ಕೇಸುಗಳಲ್ಲಿ ಮುದ್ದೆಮಾಲು (ಪೊಲೀಸರು ವಶಪಡಿಸಿಕೊಂಡ ವಸ್ತುಗಳು) ನಾಶವಾಗಿತ್ತು, ಇಲ್ಲವೇ ಬಟ್ಟೆ ಪರೀಕ್ಷೆಗೆ ಬಾರದಷ್ಟು ಹಾಳಾಗಿತ್ತು. ಆಮೇಲೆ ಮಹಜರಿನ ಪಂಚರನ್ನು (ಪೊಲೀಸರ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದವರನ್ನು) ಹುಡುಕಿಕೊಂಡು ಊರೂರು ತಿರುಗಿದೆವು. ಹೆಚ್ಚಿನವರು ಬಾಗಿಲೇ ತೆರೆಯಲಿಲ್ಲ. ಒಬ್ಬರು ಮನಸು ಬಿಚ್ಚಿ ಮಾತಾಡಿದರು, ಸಹಿ ಮಾತ್ರ ಹಾಕಲ್ಲ ಎಂದರು. ಬಸ್ಸು, ಊಟ, ಲಾಡ್ಜು ಸೇರಿ ಮೂವತ್ತು ಸಾವಿರದ ಹತ್ತಿರ ಖರ್ಚಾಯಿತು. ಅರ್ಧ ಕಾಲೇಜು ಕೊಟ್ಟಿತು, ಉಳಿದದ್ದು ನನ್ನ ಕೈಯಿಂದ.

ಆಮೇಲೆ ತಿರುಗಾಟ ಬಿಟ್ಟು ದಾಖಲೆ ಹಿಡಿದು ಕೂತೆವು. ಎಲ್ಲರೂ ತೀರ್ಪಿನಿಂದ ಓದಲು ಶುರು ಮಾಡುತ್ತಾರೆ, ಅಲ್ವಾ? ತೀರ್ಪು ಓದಿದರೆ ತೀರ್ಪಿನ ಕಣ್ಣೇ ನಮ್ಮದಾಗುತ್ತದೆ. ನಾವು ಸಿಆರ್‌ಪಿಸಿ (ಅಪರಾಧ ಪ್ರಕ್ರಿಯಾ ಸಂಹಿತೆ) 313ರ ಹೇಳಿಕೆಯಿಂದ ಶುರು ಮಾಡಿದೆವು. ವಿರುದ್ಧವಾಗಿ ಬಂದ ಸಾಕ್ಷ್ಯದ ಬಗ್ಗೆ ಕೋರ್ಟು ಆರೋಪಿಯನ್ನೇ ಕೇಳಿ ಅವನ ಉತ್ತರ ಬರೆದುಕೊಳ್ಳುವ ಹಾಳೆಗಳು ಅವು (ಈಗ ಅದು ಹೊಸ ಸಂಹಿತೆ ಬಿಎನ್ಎಸ್ಎಸ್‌ನ 351). ಆಮೇಲೆ ಪಾಟೀ ಸವಾಲು, ತೀರ್ಪು ಕೊನೆಗೆ. ಶಿಕ್ಷೆಗೆ ಆಧಾರವಾದ ಒಂದೊಂದು ಸಂಗತಿಯ ಎದುರಿಗೂ "ಆರೋಪಿಯನ್ನು ಇದರ ಬಗ್ಗೆ ಕೇಳಿದ್ದರೇ?" ಎಂದು ಬರೆದುಕೊಂಡೆವು.

ಈ ಕೇಸಿನ 313ರಲ್ಲಿ ಒಂದು ಪ್ರಶ್ನೆ ಹೀಗಿತ್ತು: 9ರಿಂದ 14ನೇ ಸಾಕ್ಷಿಗಳು ನಿಮ್ಮ ವಿರುದ್ಧ ನುಡಿದಿದ್ದಾರೆ, ಏನು ಹೇಳುತ್ತೀರಿ? ಉತ್ತರ: "ಸುಳ್ಳು." ಆರು ಜನರ ಸಾಕ್ಷ್ಯ ಒಂದೇ ಪ್ರಶ್ನೆಯಲ್ಲಿ ಮುಗಿದಿತ್ತು. ಆರೋಪಿಯ ಅಂಗಿಯ ಮೇಲಿದ್ದ ಬಿ ಗುಂಪಿನ ರಕ್ತದ ಮಾತೇ ಇಲ್ಲ. ತೀರ್ಪು ನಿಂತಿದ್ದು ಅದರ ಮೇಲೆ! ಕೇಳದ ಸಂಗತಿಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1984ರ ಶರದ್ ಸಾರ್ದಾ ತೀರ್ಪಿನಲ್ಲೇ ಹೇಳಿದೆ. ಆದರೆ ಸುಮ್ನೆ "ಕೇಳಿಲ್ಲ" ಅಂದರೆ ಸಾಲದು, ಅದರಿಂದ ಆದ ಅನ್ಯಾಯ ತೋರಿಸಬೇಕು. ಫೈಲಿನ ತಳದಲ್ಲಿ ಬಂಧನದ ದಿನದ ಗಾಯದ ಪ್ರಮಾಣಪತ್ರ ಇತ್ತು: ಬಲ ಅಂಗೈಯಲ್ಲಿ ಸೀಳು. ಆತನ ರಕ್ತವೂ ಬಿ ಗುಂಪೇ. ಒಂದು ಪ್ರಶ್ನೆ ಕೇಳಿದ್ದರೆ, ಅದು ನನ್ನದೇ ರಕ್ತ ಎಂದು ಆತ ಕೈ ತೋರಿಸುತ್ತಿದ್ದ. ಇದನ್ನು ಪತ್ತೆ ಮಾಡಿದ ಹುಡುಗಿಯ ಬಗ್ಗೆ ನನಗೆ ಬಹಳ ಹೆಮ್ಮೆ.

ವಿದ್ಯಾರ್ಥಿಗಳು ವಾದಿಸುವಂತಿಲ್ಲ, ಹಾಗಾಗಿ ಕಾನೂನು ಸೇವಾ ಸಮಿತಿಯ ಪ್ಯಾನೆಲ್ ವಕೀಲರು ನಿಂತರು. ಜೈಲಿನಲ್ಲಿರುವವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ನೆರವು ಉಚಿತ. ದುಬಾರಿಯಾಗಿದ್ದು ಅನುವಾದ. ಕನ್ನಡದ ಸಾಕ್ಷ್ಯಗಳನ್ನು ಇಂಗ್ಲಿಷಿಗೆ ಮಾಡಲು ಪುಟಕ್ಕೆ ಇನ್ನೂರು ಕೇಳಿದರು, ಆರುನೂರು ಚಿಲ್ಲರೆ ಪುಟ ಇತ್ತು. ಹುಡುಗರೇ ಮಾಡಿದರು. ಈ ಅಪೀಲಿನ ಒಟ್ಟು ಖರ್ಚು ಹದಿನೈದು ಸಾವಿರ ದಾಟಲಿಲ್ಲ.

ಜೈಲಿನಿಂದ ಬರುವ ಕಾಗದಗಳಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು ಎನ್ನುವುದಕ್ಕೂ ನಮ್ಮದೊಂದು ಲೆಕ್ಕ ಇದೆ. ಕೆಲವು ಅಪೀಲು ಬಾಕಿ ಇರುವುದರಿಂದ ಅದನ್ನು ಈಗ ಹೇಳಲ್ಲ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆವು. ಬೇರೊಂದು ಕೇಸಿನಲ್ಲಿ ಸಾಕ್ಷಿ "ಬೀದಿ ದೀಪದ ಬೆಳಕಲ್ಲಿ ನೋಡಿದೆ" ಎಂದಿದ್ದ. ಆ ರಾತ್ರಿ ಕರೆಂಟ್ ಇತ್ತೇ ಎಂದು ತಿಳಿಯಲು ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ ವಿದ್ಯುತ್ ಉಪಕೇಂದ್ರದ ಲಾಗ್‌ಬುಕ್ ಕೇಳಿದೆವು. ಅಷ್ಟು ಹಳೆಯ ಪುಸ್ತಕ ಇಲ್ಲವೆಂದು ಉತ್ತರ ಬಂತು. ಈಗ ಕೈದಿಗಳ ಶಾಲಾ ದಾಖಲಾತಿ ಪುಸ್ತಕವನ್ನೂ ನೋಡುತ್ತೇವೆ. ಕೃತ್ಯದ ವೇಳೆ ಬಾಲಕನಾಗಿದ್ದ ಎಂದು ಶಾಲೆಯ ದಾಖಲೆಯಿಂದ ಸಾಬೀತಾಗಿ, 28 ವರ್ಷ ಜೈಲಿನಲ್ಲಿದ್ದ ಗಲ್ಲು ಶಿಕ್ಷೆಯ ಕೈದಿಯನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಬಿಡುಗಡೆ ಮಾಡಿತಲ್ಲ. ಆ ವಾದವನ್ನು ಯಾವ ಹಂತದಲ್ಲೂ ಎತ್ತಬಹುದು.

ನಮ್ಮ ಕಕ್ಷಿದಾರ ಹೊರಗೆ ಬಂದ, ಕೈಗೆ ಒಂದು ರೂಪಾಯಿಯೂ ಬರಲಿಲ್ಲ. ಪರಿಹಾರಕ್ಕೆ ಕಾನೂನು ಬೇಕೆಂದು ಕಾನೂನು ಆಯೋಗ 2018ರಲ್ಲೇ 277ನೇ ವರದಿ ಕೊಟ್ಟಿದೆ, ಕಾನೂನು ಮಾತ್ರ ಬಂದಿಲ್ಲ. ಪರಿಹಾರ ಕೇಳುವ ರಿಟ್ ಅರ್ಜಿಯ ಕರಡು ಈಗ ಐದನೇ ವರ್ಷದವರ ಕೈಯಲ್ಲಿದೆ.