ಮರ ನೋಡಿ, ಆಮೇಲೆ ಮನೆ ನೋಡಿ: ಮೈಸೂರಿನ ಹಳೇ ಬಡಾವಣೆಯಲ್ಲಿ ಮನೆ ಕೊಳ್ಳುವ ಬಗೆ

ಬಜೆಟ್ ಕಮ್ಮಿ, ಆದರೆ ಸುತ್ತಮುತ್ತ ಗಿಡಮರ ಇರಬೇಕು, ಮೈಸೂರಲ್ಲಿ ಎಲ್ಲಿ ಮನೆ ತಗೊಳ್ಳೋದು ಅಂತ ನನ್ನನ್ನು ಆಗಾಗ ಕೇಳುತ್ತಾರೆ. ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಕೆಲಸ ಮಾಡುವವಳು ನಾನು. ಹಾಗಾಗಿ ಊರಿನವರ ಮನೆಪತ್ರಗಳೆಲ್ಲ ನನ್ನ ಟೇಬಲ್ ಮೇಲೆ ಬಂದು ಬೀಳುತ್ತವೆ. ನನ್ನ ಉತ್ತರ ಯಾವಾಗಲೂ ಒಂದೇ. ರಿಂಗ್ ರೋಡಿನ ಆಚೆ ದೊಡ್ಡ ಹೊಸ ಮನೆ ಬೇಡ, ಒಳಗಿನ ಹಳೇ ಬಡಾವಣೆಯಲ್ಲಿ ಚಿಕ್ಕ ಹಳೇ ಮನೆ ನೋಡಿ. ಮನೆಯನ್ನು ಯಾವಾಗ ಬೇಕಾದರೂ ರಿಪೇರಿ ಮಾಡಿಸಬಹುದು. ನಲವತ್ತು ವರ್ಷದ ಹೊಂಗೆ ಮರವನ್ನು ಯಾವ ಕಂಟ್ರಾಕ್ಟರೂ ತಂದುಕೊಡಲ್ಲ.

ನಾವಿರುವುದು ಕುವೆಂಪುನಗರದಲ್ಲಿ, 20x30ರ ಒಂದು ಎಲ್‌ಐಜಿ ಮನೆಯಲ್ಲಿ. ಈ ಕಡೆಯವರಿಗೆ ಎಲ್‌ಐಜಿ, ಎಂಐಜಿ, ಎಚ್‌ಐಜಿ ಅಂದರೆ ಬಿಡಿಸಿ ಹೇಳಬೇಕಿಲ್ಲ. ಕಮ್ಮಿ, ಮಧ್ಯಮ, ಜಾಸ್ತಿ ಆದಾಯದವರಿಗೆ ಅಂತ ಸರ್ಕಾರದ ಕಡೆಯಿಂದ ಕಟ್ಟಿ ಹಂಚಿದ ಮನೆಗಳು. ಇಂಥ ಮನೆಗಳ ರಸ್ತೆಗೆ ಹೋಗಿ ನಿಂತರೆ ಗೊತ್ತಾಗುತ್ತದೆ, ಮನೆ ಚಿಕ್ಕದು, ನೆರಳು ದೊಡ್ಡದು. ಕುವೆಂಪುನಗರದ ಮುಖ್ಯರಸ್ತೆಯಲ್ಲಿ ಈಗ ಬೆಲೆ ಏರಿದೆ, ಸುಳ್ಳು ಹೇಳಲ್ಲ. ಆದರೆ ಒಳಗಿನ ಅಡ್ಡರಸ್ತೆಗಳಲ್ಲಿ, ರಾಮಕೃಷ್ಣನಗರದ ಚಿಕ್ಕ ಸೈಟುಗಳಲ್ಲಿ, ಲಿಂಗಾಂಬುಧಿ ಕೆರೆಯ ಆಸುಪಾಸಿನ ದಟ್ಟಗಳ್ಳಿ, ಶ್ರೀರಾಂಪುರದಲ್ಲಿ ಹುಡುಕಿದರೆ ಸಂಬಳದವರ ಕೈಗೆ ಎಟುಕುವ ಮನೆ ಇನ್ನೂ ಸಿಗುತ್ತದೆ. ಸರಸ್ವತಿಪುರಂ, ಜಯಲಕ್ಷ್ಮೀಪುರಂ ಚೆಂದವೇ. ಕುಕ್ಕರಹಳ್ಳಿ ಕೆರೆ ಹತ್ತಿರ ಬೇರೆ. ಅದಕ್ಕೇ ಅಲ್ಲಿ ನಮ್ಮಂಥವರಿಗೆ ಏನೂ ಉಳಿದಿಲ್ಲ.

ಮನೆ ನೋಡಲು ಏಪ್ರಿಲ್ ತಿಂಗಳಲ್ಲಿ, ಮಧ್ಯಾಹ್ನ ಮೂರು ಗಂಟೆಗೆ ಹೋಗಿ. ಬ್ರೋಕರುಗಳು ಬೆಳಗ್ಗೆ ಒಂಬತ್ತಕ್ಕೆ ಕರೆಯುತ್ತಾರೆ, ಆಗ ಎಲ್ಲ ರಸ್ತೆಯೂ ತಂಪೇ. ಮೂರು ಗಂಟೆಗೆ ಪಶ್ಚಿಮದ ಗೋಡೆ ಮೇಲೆ ಕೈ ಇಟ್ಟು ನೋಡಿ. ಮರದ ನೆರಳು ಬಿದ್ದ ಗೋಡೆಗೂ ಬೀಳದ ಗೋಡೆಗೂ ಇರುವ ವ್ಯತ್ಯಾಸವನ್ನು ಅಂಗೈಯೇ ಹೇಳುತ್ತದೆ. ಮರ ಯಾವುದು ಅನ್ನುವುದೂ ಮುಖ್ಯ. ಹೊಂಗೆ, ಬೇವು, ನೇರಳೆ ಇದ್ದರೆ ನಿಶ್ಚಿಂತೆ. ಗುಲ್‌ಮೊಹರ್ ಹೂ ಬಿಟ್ಟಾಗ ನೋಡಲು ಚೆಂದ, ಆದರೆ ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಅದರ ಕೊಂಬೆ ಲಟಕ್ಕನೆ ಮುರಿಯುತ್ತದೆ. ಅದು ಕರೆಂಟ್ ತಂತಿಯ ಮೇಲೋ ನಿಮ್ಮ ಹೆಂಚಿನ ಮೇಲೋ ಬಾಗಿದ್ದರೆ ಯೋಚನೆ ಮಾಡಿ. ನೇರಳೆ ಮರದ ಕೆಳಗೆ ಕಾರು ನಿಲ್ಲಿಸುವವರ ಗೋಳು ಬೇರೆಯೇ, ಅದನ್ನು ಇಲ್ಲಿ ಬರೆಯುವುದು ಬೇಡ.

ಮನೆ ಪಕ್ಕದಲ್ಲಿ ಹಸಿರಾದ ಖಾಲಿ ಜಾಗ ಇದೆಯಾ? ಬ್ರೋಕರ್ ಅದನ್ನು ‘ಪಾರ್ಕು ಮೇಡಂ’ ಅನ್ನುತ್ತಾನೆ. ಪಾರ್ಕೋ ಸಿಎ ಸೈಟೋ ಅಂತ ನೀವೇ ತಿಳಿದುಕೊಳ್ಳಿ. ಪಾರ್ಕಾದರೆ ಅದಕ್ಕೆ 1985ರ ಉದ್ಯಾನ ಮತ್ತು ಬಯಲುಜಾಗಗಳ ಕಾಯ್ದೆಯ ರಕ್ಷಣೆ ಇದೆ. ಸಿಎ ಸೈಟು ಅಂದರೆ ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟದ್ದು. ಇವತ್ತು ಅಲ್ಲಿ ಹುಲ್ಲು, ನಾಳೆ ಸಮುದಾಯ ಭವನ. ಬೆಳಗಿನ ಜಾವ ಐದಕ್ಕೆ ಓಲಗ ಕೇಳುತ್ತಾ ಏಳಬೇಕಾದೀತು. ಮೈಸೂರು ಅಭಿವೃದ್ಧಿ ಪ್ರಾಧಿಕಾರದಲ್ಲಿ (ಹಿಂದಿನ ಮುಡಾ) ಬಡಾವಣೆಯ ಅನುಮೋದಿತ ನಕ್ಷೆ ಇರುತ್ತದೆ. ಪ್ರತಿ ಪಡೆದು ಸೈಟ್ ನಂಬರ್ ಹುಡುಕಿ, ಅಕ್ಕಪಕ್ಕ ಏನು ಬರೆದಿದೆ ಓದಿ. ಮೊಬೈಲಿನಲ್ಲಿ ‘ದಿಶಾಂಕ್’ ಆ್ಯಪ್ ಹಾಕಿಕೊಂಡು ಮನೆ ಮುಂದೆ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ, ಹಳೇ ಗ್ರಾಮನಕ್ಷೆಯ ಕೆರೆ, ಹಳ್ಳಗಳೂ ಕಾಣುತ್ತವೆ. ಕೆರೆ ಪಕ್ಕದ ಮನೆಗಂತೂ ಇದನ್ನು ನೋಡದೆ ಮುಂದೆ ಹೋಗಬೇಡಿ.

ನೀರಿನ ವಿಷಯ ಮಾರುವವರನ್ನು ಕೇಳಬೇಡಿ, ಪಕ್ಕದ ಮನೆಯವರನ್ನು ಕೇಳಿ. ನಾನು ಹೀಗೇ ಒಬ್ಬ ಅಜ್ಜಿಯನ್ನು ಮಾತಿಗೆಳೆದೆ. ‘ಅಜ್ಜಿ, ನೀರು ಹೆಂಗೆ ಬರತ್ತೆ?’ ಅಂದೆ. ‘ಬರತ್ತೆ ಕಣಮ್ಮ, ಆದ್ರೆ ನಿಮ್ದು ತಗ್ಗು, ನಮ್ದು ದಿಬ್ಬ. ನಿಮ್ಗೆ ಮೊದ್ಲು ತುಂಬತ್ತೆ. ಮಳೆ ಬಂದಾಗ್ಲೂ ನಿಮ್ಗೇ ಮೊದ್ಲು ತುಂಬತ್ತೆ’ ಅಂದರು. ಆ ಮನೆಯನ್ನು ಅಲ್ಲಿಗೇ ಬಿಟ್ಟೆವು. ಬೋರ್‌ವೆಲ್ ಇದೆ ಅಂತ ಹಿಗ್ಗುವುದು ಬೇಡ, ಕಾವೇರಿ ಅಥವಾ ಕಬಿನಿ ನೀರಿನ ನಲ್ಲಿ ಸಂಪರ್ಕ ಇದೆಯಾ, ಊರಿಗೆ ನೀರು ಕೊಡುವ ವಾಣಿ ವಿಲಾಸ ನೀರು ಸರಬರಾಜು ವಿಭಾಗದ ಬಿಲ್ ಬಾಕಿ ಎಷ್ಟಿದೆ ನೋಡಿ. ಆ ಬಾಕಿ ಕೊನೆಗೆ ನಿಮ್ಮ ತಲೆಗೇ ಬರುವುದು.

ಮನೆಯೊಳಗೆ ಹೋದಾಗ ಟೈಲ್ಸ್ ನೋಡಬೇಡಿ, ಮೇಲೆ ನೋಡಿ. ಎಪ್ಪತ್ತು ಎಂಬತ್ತರ ದಶಕದ ಆರ್‌ಸಿಸಿ ತಾರಸಿಯಲ್ಲಿ ಕಂಬಿಗೆ ತುಕ್ಕು ಹಿಡಿದಿದ್ದರೆ ಗಾರೆ ಉಬ್ಬಿ ನಿಲ್ಲುತ್ತದೆ. ಒಂದು ಕೋಲಿನ ತುದಿಗೆ ಬೀಗದ ಕೈ ಕಟ್ಟಿಕೊಂಡು ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ. ಉಬ್ಬಿದ ಕಡೆ ಡಬ್ ಡಬ್ ಅನ್ನುತ್ತದೆ. ಸಜ್ಜಾದ ಅಡಿಭಾಗ, ಬಚ್ಚಲುಮನೆಯ ಮೇಲ್ಭಾಗ, ನೀರಿನ ಟ್ಯಾಂಕ್ ಕೂತಿರುವ ಜಾಗ, ಈ ಮೂರು ಕಡೆ ತಪ್ಪದೆ ತಟ್ಟಿ. ಇಡೀ ರೂಮಿಗೆ ಹಳೇ ಸುಣ್ಣ, ಒಂದು ಮೂಲೆಗೆ ಮಾತ್ರ ಹೊಸ ಪೇಂಟ್ ಇದ್ದರೆ ಅಲ್ಲಿ ಸೋರುತ್ತಿದೆ ಅಂತಲೇ ಲೆಕ್ಕ. ಹೊರಗೆ ಬಂದು ಯುಜಿಡಿ, ಅಂದರೆ ಒಳಚರಂಡಿ, ಚೇಂಬರಿನ ಮುಚ್ಚಳ ತೆಗೆಸಿ. ಹಳೇ ಕಾಲದ ಸ್ಟೋನ್‌ವೇರ್ ಪೈಪಿನ ಕೀಲುಗಳಲ್ಲಿ ಮರದ ಬೇರು ನುಗ್ಗಿ ಜಡೆಯ ಹಾಗೆ ಕೂತಿರುತ್ತದೆ. ಪೈಪ್ ಬದಲಿಸಿದರೆ ಸರಿಹೋಗುತ್ತದೆ, ಮನೆ ಬೇಡ ಅನ್ನಬೇಕಿಲ್ಲ. ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ, ಅಷ್ಟೇ. ರೆಡ್ ಆಕ್ಸೈಡ್ ನೆಲ ಇದ್ದರೆ ದಯವಿಟ್ಟು ಅಗೆಯಬೇಡಿ. ಬೇಸಿಗೆಯಲ್ಲಿ ಅದರ ಮೇಲೆ ಮಲಗಿ ನೋಡಿ, ಆಮೇಲೆ ನಿರ್ಧಾರ ಮಾಡಿ.

ಈಗ ಪತ್ರಗಳು. ಹಳೇ ಬಡಾವಣೆಯ ಮನೆಯ ನಿಜವಾದ ತೊಡಕು ಇಲ್ಲೇ ಇರುವುದು, ಗೋಡೆಯಲ್ಲಲ್ಲ.

ಪ್ರಾಧಿಕಾರದಿಂದ ಬಂದ ಸ್ವತ್ತಾದರೆ ಸರಪಳಿ ಹೀಗಿರುತ್ತದೆ: ಮಂಜೂರಾತಿ ಪತ್ರ, ಸ್ವಾಧೀನ ಪತ್ರ, ಲೀಸ್ ಕಂ ಸೇಲ್ ಕರಾರು (ಮೊದಲು ಗುತ್ತಿಗೆ, ಆಮೇಲೆ ಮಾರಾಟ ಅನ್ನುವ ಒಪ್ಪಂದ), ಕೊನೆಗೆ ಪ್ರಾಧಿಕಾರವೇ ಬರೆದುಕೊಟ್ಟ ಶುದ್ಧ ಕ್ರಯಪತ್ರ. ಎಷ್ಟೋ ಮನೆಗಳಲ್ಲಿ ಕರಾರಿನ ತನಕ ಬಂದು ಕ್ರಯಪತ್ರ ಮಾಡಿಸಿಕೊಳ್ಳದೆ ಬಿಟ್ಟಿರುತ್ತಾರೆ. ಅಂಥ ಕಡೆ ಮೊದಲು ಅವರು ಮಾಡಿಸಿಕೊಳ್ಳಲಿ, ಆಮೇಲೆ ನಿಮ್ಮ ಅಡ್ವಾನ್ಸ್. ನಡುವೆ ಕ್ರಯಪತ್ರ ಇಲ್ಲದೆ ಬರೀ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಕೈಬದಲಾಗಿದ್ದರೆ ಎಚ್ಚರ. ಜಿಪಿಎ ಮೂಲಕ ಮಾಡಿದ ಮಾರಾಟದಿಂದ ಹಕ್ಕು ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಮಂಜೂರಾದವರು ತೀರಿಕೊಂಡು ಮಕ್ಕಳು ಮಾರುತ್ತಿರುವುದು ಇಲ್ಲಿ ತೀರಾ ಮಾಮೂಲು. ನಮ್ಮದೂ ಹಾಗೇ. ವಂಶವೃಕ್ಷ ಕೇಳಿ, ಅದರಲ್ಲಿರುವ ವಾರಸುದಾರರೆಲ್ಲ ಸಹಿ ಹಾಕಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಅಷ್ಟೇ. ‘ಅಕ್ಕಂಗೇನೂ ಬೇಡ್ವಂತೆ, ಬಿಡಿ ಮೇಡಂ’ ಅನ್ನುವ ಮಾತು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯಲ್ಲ. ಬೇಡದಿದ್ದರೆ ಅಕ್ಕ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಕೊಡಲಿ. ನಮಗೆ ಮಾರಿದವರ ಒಬ್ಬ ಮಗಳು ಅಮೆರಿಕದಲ್ಲಿದ್ದರು. ತಮ್ಮ ಪರವಾಗಿ ಇಲ್ಲಿ ಸಹಿ ಹಾಕಲು ಅವರು ಈ ಮನೆಯ ಹೆಸರು, ನಂಬರ್ ಎಲ್ಲ ಬರೆದ ಪವರ್ ಆಫ್ ಅಟಾರ್ನಿಗೆ ಅಲ್ಲಿನ ಭಾರತೀಯ ಕಾನ್ಸುಲೇಟಿನ ಮೊಹರು ಹಾಕಿಸಿ ಕಳಿಸಿದರು. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಸ್ಟಾಂಪ್ ಆಗಬೇಕು. ಇದನ್ನು ಹೆಚ್ಚಿನವರು ಮರೆಯುತ್ತಾರೆ.

ಇಸಿ, ಅಂದರೆ ಋಣಭಾರ ಪತ್ರ, ಕನಿಷ್ಠ ಮೂವತ್ತು ವರ್ಷದ್ದು ತೆಗೆಸಿ. 2004ರಿಂದ ಈಚಿನದು ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಇಸಿಯಲ್ಲಿ ಏನೂ ಇಲ್ಲ ಅಂದ ಮಾತ್ರಕ್ಕೆ ಸಾಲ ಇಲ್ಲ ಅಂತಲ್ಲ. ಮೂಲಪತ್ರವನ್ನು ಬ್ಯಾಂಕಿಗೆ ಕೊಟ್ಟರೆ ಸಾಕು, ಅಡಮಾನ ಆಗಿಬಿಡುತ್ತದೆ, ರಿಜಿಸ್ಟರ್ ಆಗಿರಲೇಬೇಕು ಅಂತಿಲ್ಲ. ಅದಕ್ಕೇ ಮೂಲಪತ್ರವನ್ನು ಕಣ್ಣಾರೆ ನೋಡಿ, ಜೆರಾಕ್ಸ್ ಒಪ್ಪಬೇಡಿ. ‘ಎಲ್ಲೋ ಒಳಗಿದೆ, ಹುಡುಕ್ತೀವಿ’ ಅಂದರೆ ಸಿಗುವ ತನಕ ಕಾಯಿರಿ. ಅಡಮಾನಗಳ ಕೇಂದ್ರೀಯ ದಾಖಲೆಯಾದ ಸೆರ್ಸಾಯ್ (CERSAI) ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಹುಡುಕಿದರೆ ಬ್ಯಾಂಕುಗಳು ದಾಖಲಿಸಿದ ಅಡಮಾನ ಗೊತ್ತಾಗುತ್ತದೆ. ಕೊನೆಗೆ ‘ಮೈಸೂರು ಮಿತ್ರ’ ಅಥವಾ ‘ಆಂದೋಲನ’ ಪತ್ರಿಕೆಯಲ್ಲಿ ವಕೀಲರ ಮೂಲಕ ಒಂದು ಸಾರ್ವಜನಿಕ ಪ್ರಕಟಣೆ ಕೊಡಿ. ತಕರಾರಿದ್ದವರು ಆಗ ಎದ್ದು ಬರುತ್ತಾರೆ.

ಖಾತೆಗೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆಗೆ ಬಂದರೆ, ಈಗ ಅದರ ಆನ್‌ಲೈನ್ ರೂಪವಾದ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ. ಮಾರುವವರ ಹೆಸರಿಗೆ ಆಗಿದೆಯಾ, ಅಳತೆ ಮತ್ತು ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಕ್ರಯಪತ್ರಕ್ಕೆ ಹೊಂದುತ್ತವೆಯಾ ನೋಡಿ. ಹೊರವಲಯದಲ್ಲಿ ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ರೆವಿನ್ಯೂ ಸೈಟು, ಅಂದರೆ ಕೃಷಿ ಜಮೀನನ್ನು ಅನುಮೋದನೆ ಇಲ್ಲದೆ ತುಂಡು ಮಾಡಿದ್ದು. ಅದಕ್ಕೆ ಬಿ ಖಾತಾ ಇದೆ ಅಂತ ತೋರಿಸುತ್ತಾರೆ. ಬಿ ಖಾತಾ ಇದ್ದರೆ ಕಂದಾಯ ಕಟ್ಟಬಹುದು, ಅಷ್ಟಕ್ಕೆ ಬಡಾವಣೆ ಅನುಮೋದಿತ ಆಗಿಬಿಡಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಅನುಮತಿ ಇಲ್ಲದ ಮಾರಾಟ ಅಲ್ಲಿ ನಿಲ್ಲುವುದಿಲ್ಲ.

ದುಡ್ಡಿನ ಲೆಕ್ಕವನ್ನು ಮೊದಲೇ ಹಾಕಿ. 60 ಲಕ್ಷದ ಮನೆ ಅಂತಿಟ್ಟುಕೊಳ್ಳಿ. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಕೊಡುವುದು ಬೆಲೆಯ 80% ತನಕ, ಅಂದರೆ 48 ಲಕ್ಷ. ಮಿಕ್ಕ 12 ಲಕ್ಷ ನಿಮ್ಮದು. ಮುದ್ರಾಂಕ ಶುಲ್ಕ ಸೆಸ್ ಎಲ್ಲ ಸೇರಿ ನಗರದಲ್ಲಿ 5.6%, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 2%. ಒಟ್ಟು 4,56,000 ರೂಪಾಯಿ, ಇದು ಸಾಲದಲ್ಲಿ ಬರಲ್ಲ. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರ ನಿಮ್ಮ ಬೆಲೆಗಿಂತ ಜಾಸ್ತಿ ಇದ್ದರೆ ಅದರ ಮೇಲೇ ಶುಲ್ಕ. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲಿ 1% ಟಿಡಿಎಸ್ ಅನ್ನು ನೀವೇ ಹಿಡಿದು ಆದಾಯ ತೆರಿಗೆಗೆ ಕಟ್ಟಬೇಕು. ಮಾರುವವರಲ್ಲಿ ಎನ್‌ಆರ್‌ಐ ಇದ್ದರೆ ಅವರ ಪಾಲಿಗೆ ಈ 1% ನಡೆಯಲ್ಲ, ಕಟ್ಟಬೇಕಾದ್ದು ಬಹಳ ಜಾಸ್ತಿ. ಕರಾರಿಗೆ ಮೊದಲೇ ಆಡಿಟರ್ ಹತ್ತಿರ ಹೋಗಿ. ‘ಅರ್ಧ ವೈಟು, ಅರ್ಧ ಬ್ಲ್ಯಾಕು’ ಅನ್ನುವವರ ಜೊತೆ ಮಾತೇ ಬೇಡ. ಕಾನೂನಿನ ಮಾತು ಒಂದು ಕಡೆ ಇರಲಿ, ಪತ್ರದಲ್ಲಿ ಬೆಲೆ ಇಳಿದಷ್ಟೂ ನಿಮ್ಮ ಸಾಲವೂ ಇಳಿಯುತ್ತದೆ.

ಚೌಕಾಸಿಗೆ ನನ್ನ ಹತ್ತಿರ ಎರಡು ಉಪಾಯ ಇವೆ. ದಕ್ಷಿಣಕ್ಕೆ ಬಾಗಿಲಿರುವ ಮನೆ ಕೇಳಿ. ವಾಸ್ತು ನೋಡುವವರು ಅದರ ಹತ್ತಿರ ಸುಳಿಯಲ್ಲ, ವರ್ಷಗಟ್ಟಲೆ ಹಾಗೇ ಕೂತಿರುತ್ತದೆ, ಬೆಲೆ ತಾನಾಗಿ ಇಳಿಯುತ್ತದೆ. ನಮ್ಮ ಅತ್ತೆಯವರು ಮೊದಲು ಮುಖ ಸಿಂಡರಿಸಿದ್ದರು. ಈಗ ಚಳಿಗಾಲದ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಅವರೇ ಮುಂದೆ ಕೂರುತ್ತಾರೆ. ಇನ್ನೊಂದು, ಮಾತುಕತೆ ಆಷಾಢದಲ್ಲಿ ನಡೆಸಿ. ಊರೆಲ್ಲ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗುವ ತಿಂಗಳು ಅದು, ಮನೆ ಕೇಳಲು ಯಾರೂ ಬರಲ್ಲ. ಬೆಲೆ ಆಗ ಮುಗಿಸಿ, ಕರಾರು ಬರೆಸಿ, ರಿಜಿಸ್ಟರ್ ಶ್ರಾವಣಕ್ಕೆ ಇಟ್ಟುಕೊಳ್ಳಿ. ಇಬ್ಬರ ಮನಸ್ಸಿಗೂ ಸಮಾಧಾನ.

ನೋಂದಣಿ ಆದ ಮೇಲೆ ಖಾತೆ, ನೀರಿನ ಬಿಲ್ಲು, ವಿದ್ಯುತ್ ಕಂಪನಿ ಸೆಸ್ಕ್‌ನ ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ನಂಬರ್) ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ತಡಮಾಡಬೇಡಿ. ರಿಪೇರಿಗೆ ಕರೆದ ಮೇಸ್ತ್ರಿ ಹೇಳುವ ಮೊದಲ ಮಾತು ‘ಮರ ತೆಗೆಸಿಬಿಡಿ, ಕಾರಿಗೆ ಜಾಗ ಆಗತ್ತೆ’ ಅಂತ. 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿಮ್ಮ ಕಾಂಪೌಂಡಿನೊಳಗಿನ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು, ರಸ್ತೆಬದಿಯದ್ದಂತೂ ನಿಮ್ಮದಲ್ಲವೇ ಅಲ್ಲ. ಕೊಂಬೆ ತಂತಿಗೆ ತಾಗುತ್ತಿದ್ದರೆ ಸೆಸ್ಕ್‌ಗೆ ದೂರು ಕೊಡಿ, ಅವರೇ ಬಂದು ಸವರುತ್ತಾರೆ. ಕಡಿದ ಸೊಪ್ಪನ್ನು ಅಲ್ಲೇ ಬಿಟ್ಟು ಹೋಗುತ್ತಾರೆ, ಅದನ್ನು ಸಾಗಿಸಲು ಪಾಲಿಕೆಯವರಿಗೆ ಬೇರೆ ಫೋನ್ ಮಾಡಬೇಕು.