ಹಳೆ ಗಿರಾಕಿಗಳು ಎಲ್ಲಿ ಹೋದ್ರು? ಸೆಗ್ಮೆಂಟ್‌ಗೆ ಆಂಪ್ಲಿಟ್ಯೂಡ್ ಜೋಡಿಸಿದ ನನ್ನ ಅನುಭವ

ಹುಬ್ಬಳ್ಳ್ಯಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ ಆನ್‌ಲೈನ್ ಮಾರೋ ಒಂದು ಸಣ್ಣ ಅಂಗಡಿ ಐತಿ, ಅದರ ವೆಬ್‌ಸೈಟ್ ಕೆಲಸ ನಾನೂ ಇನ್ನೊಬ್ಬ ಹುಡುಗನೂ ಕೂಡಿ ನೋಡ್ಕೋತೀವಿ. ರೊಟ್ಟಿ ಬಡಿಯೋದು ಕೇಶ್ವಾಪುರದ ಕಡೆ, ಪಾರ್ಸೆಲ್ ಹೋಗೋದು ಧಾರವಾಡ, ಗದಗ, ಹಾವೇರಿ, ಮತ್ತ ಬೆಂಗಳೂರಿಗೆ ಹೋದ ನಮ್ಮ ಮಂದಿಗೆ. ಗಿರಾಕಿ ಎಲ್ಲಿ ತನಕ ಬಂದು ಹೊಳ್ಳಿ ಹೋಗ್ತಾರ, ಯಾರು ತಿಂಗಳಾ ತಗೋತಾರ ಅನ್ನೋದು ಕಣ್ಣಿಗೆ ಕಾಣಬೇಕು ಅಂತ ಅಂಗಡಿ ಅಕ್ಕಾರು ಭಾಳ ದಿನದಿಂದ ಹೇಳ್ತಿದ್ರು.

ಸೈಟ್‌ನ್ಯಾಗ ಸೆಗ್ಮೆಂಟ್ ಮೊದಲೇ ಇತ್ತು. 2020ರಾಗ ಟ್ವಿಲಿಯೋ ಕಂಪನಿ ಖರೀದಿ ಮಾಡ್ತಲ್ಲ ಅದ, ಗಿರಾಕಿ ಮಾಡೋದೆಲ್ಲ ಒಂದ ಕಡೆ ಕೂಡಿಸಿ ಬೇಕಾದ ಟೂಲ್‌ಗೆ ಹಂಚೋದು. ಅದಕ್ಕ ಆಂಪ್ಲಿಟ್ಯೂಡ್ (ಗಿರಾಕಿ ಸೈಟ್‌ನ್ಯಾಗ ಏನೇನು ಮಾಡಿದ್ರು ಅಂತ ಲೆಕ್ಕ ಹಾಕಿ ತೋರ್ಸೋ ಟೂಲ್) ಹಚ್ಚೋದು ಅರ್ಧಾ ತಾಸಿನ ಕೆಲಸ ನೋಡ್ರಿ, ಪ್ರಾಜೆಕ್ಟ್ ಮಾಡಿ, ಎಪಿಐ ಕೀ, ಸೀಕ್ರೆಟ್ ಕೀ ತಂದು ಹಾಕಿ, ಡೇಟಾ ಅಮೆರಿಕದಾಗ ಇಡಬೇಕೋ ಯುರೋಪಿನ್ಯಾಗೋ ಆರಿಸಿ, ಆನ್ ಮಾಡಿದ್ವಿ, ಇವೆಂಟ್, ಅಂದ್ರ ಗಿರಾಕಿ ಮಾಡಿದ ಒಂದೊಂದು ಕೆಲಸದ ದಾಖಲೆ, ಬರಾಕತ್ತಿದ್ವು. ಪೇಜ್ ನೋಡಿದ್ದು, ಕಾರ್ಟ್‌ಗೆ ಹಾಕಿದ್ದು ಇವೆಲ್ಲ ಬ್ರೌಸರ್‌ನಿಂದ ಹೋಗ್ತಿದ್ವು, ಆದ್ರ 'ಆರ್ಡರ್ ಕಂಪ್ಲೀಟೆಡ್' ಒಂದನ್ನ ಮಾತ್ರ ಸರ್ವರ್‌ನಿಂದ ಕಳಿಸ್ತಿದ್ವಿ, ಯಾಕಂದ್ರ ಯುಪಿಐ ಆ್ಯಪ್‌ನ್ಯಾಗ ರೊಕ್ಕ ಕೊಟ್ಟ ಮ್ಯಾಲೆ ಭಾಳ ಮಂದಿ ಸೈಟ್‌ಗೆ ಹೊಳ್ಳಿ ಬರೋದೇ ಇಲ್ಲ, ಬ್ರೌಸರ್ ನಂಬಿ ಕುಂತ್ರ ಆರ್ಡರ್ ಆಗಿದ್ದೇ ಗೊತ್ತಾಗಲ್ಲ.

ವಾರ ಕಳೀತು. ಫನಲ್ (ಯಾವ ಹಂತದ ತನಕ ಎಷ್ಟು ಮಂದಿ ಬಂದ್ರು ಅನ್ನೋ ಲೆಕ್ಕ) ತೆಗೆದ್ರ ಸಿಕ್ಕಾಪಟ್ಟಿ ಮಂದಿ ಬರ್ತಾರ, ರೊಟ್ಟಿ ನೋಡ್ತಾರ, ಕಾರ್ಟ್‌ಗೂ ಹಾಕ್ತಾರ, ಆದ್ರ ತಗೊಳ್ಳಾಂಗಿಲ್ಲ. ಅಕ್ಕಾರು ನೋಡಿ, ಇವ್ರೆಲ್ಲ ಹೊಸಬ್ರು ಇರಬೇಕು, ಮೊದಲ ಆರ್ಡರ್‌ಗೆ ರಿಯಾಯಿತಿ ಅಂತ ಸೈಟ್ ಮ್ಯಾಲೆ ಬ್ಯಾನರ್ ಹಾಕೋಣು ಅಂದ್ರು. ನನಗ್ಯಾಕೋ ಸಮಾಧಾನ ಆಗ್ಲಿಲ್ಲ. ಧಾರವಾಡ ಸಪ್ತಾಪುರದ ಒಬ್ರು ಕಾಕು ಅದಾರ, ಸೈಟ್ ಚಾಲೂ ಆದಾಗಿಂದ ಗಿರಾಕಿ, ಪ್ರತಿ ಸೋಮವಾರ 50 ರೊಟ್ಟಿ ತಪ್ಪಂಗಿಲ್ಲ. ಅವ್ರ ಖಾತೆ ನಂಬರ್ 212. ಆಂಪ್ಲಿಟ್ಯೂಡ್‌ನ್ಯಾಗ ಹುಡುಕಿದ್ರ ಅವ್ರು ಇಲ್ಲೇ ಇಲ್ಲ! ಬ್ಯಾರೆ ಹಳೆ ಗಿರಾಕಿ ನಂಬರ್ ಹಾಕಿದೆ, ಅವ್ರೂ ಇಲ್ಲ. ಬಂದಿದ್ದ ಐಡಿ ಎಲ್ಲ ಸಾಲಾಗಿ ಹಚ್ಚಿ ನೋಡಿದ್ರ ಎಲ್ಲಾಕ್ಕಿಂತ ಸಣ್ಣದು 10003. ಅದಕ್ಕಿಂತ ಕೆಳಗ ಒಂದೂ ಇಲ್ಲ.

ಐದು ಅಂಕಿ! ಆಂಪ್ಲಿಟ್ಯೂಡ್‌ನ್ಯಾಗ ಯೂಸರ್ ಐಡಿ (ನಮ್ಮಲ್ಲಿ ಖಾತೆ ನಂಬರ್), ಡಿವೈಸ್ ಐಡಿ (ಫೋನ್ ಇಲ್ಲಾ ಬ್ರೌಸರ್‌ನ ಗುರುತು) ಎರಡೂ ಕಡಿಮಿ ಅಂದ್ರ 5 ಅಕ್ಷರ ಇರಬೇಕು ಅನ್ನೋದು ಡಿಫಾಲ್ಟ್ ನಿಯಮ, ಡಾಕ್ಯುಮೆಂಟ್‌ನ್ಯಾಗ ಸ್ವಚ್ಛ ಬರದಾರ, ನಾನ ಓದಿರ್ಲಿಲ್ಲ. ಸಣ್ಣ ಐಡಿ ಬಂದ್ರ ಅದನ್ನ ಇವೆಂಟ್‌ನಿಂದ ತೆಗೆದು ಬಿಡ್ತೈತಿ. ಬ್ರೌಸರ್‌ನಿಂದ ಹೋದ ಇವೆಂಟ್‌ಗೆ ಸೆಗ್ಮೆಂಟ್ ಬ್ರೌಸರ್‌ಗೆ ತಾನ ಕೊಡೋ ಅನಾನಿಮಸ್ ಐಡಿನೇ ಡಿವೈಸ್ ಐಡಿ ಆಗಿ ಜೋಡಿ ಇರ್ತೈತಿ, ಹಿಂಗಾಗಿ ಅದು ಒಳಗ ಬಂತು, ಆದ್ರ ಹೆಸರಿಲ್ಲದ ಅಪರಿಚಿತ ಆಗಿ ಬಂತು. ಸರ್ವರ್‌ನಿಂದ ಹೋದ ಆರ್ಡರ್‌ಗೆ ಯೂಸರ್ ಐಡಿ ಬಿಟ್ರ ಬ್ಯಾರೆ ಏನೂ ಇರ್ಲಿಲ್ಲ, ಅದು ತೆಗೆದ ಮ್ಯಾಲೆ ಯಾರದು ಅಂತ ಹೇಳೋಕೇ ಆಗಲ್ಲ, ಹಂಗಾಗಿ 400 ಅನ್ನೋ ಎರರ್ ಹಾಕಿ ವಾಪಸ್. ಸೆಗ್ಮೆಂಟ್‌ನ ಇವೆಂಟ್ ಡೆಲಿವರಿ ಪೇಜ್‌ನ್ಯಾಗ ಅಷ್ಟೂ ಸಾಲಾಗಿ ಕುಂತಿದ್ವು, ಒಂದು ದಿನಾನೂ ತೆಗೆದು ನೋಡಿರ್ಲಿಲ್ಲ. ಅಂದ್ರ ವರ್ಷಗಟ್ಲೆ ನಮ್ಮ ರೊಟ್ಟಿ ತಿಂದ ಮಂದಿನೇ ನಮ್ಮ ಲೆಕ್ಕದಾಗ 'ನೋಡಿ ಹೋಗೋ ಹೊಸಬ್ರು' ಆಗಿದ್ರು. ಇದು ನನಗ ಭಾಳ ಕೆಟ್ಟ ಅನಿಸ್ತು.

ಸರಿ ಮಾಡಾಕ ಎರಡು ದಾರಿ ಇದ್ವು. ಸೆಗ್ಮೆಂಟ್‌ನ ಮ್ಯಾಪಿಂಗ್ ಸೆಟ್ಟಿಂಗ್‌ನ್ಯಾಗ ಆ ಕನಿಷ್ಠ ಉದ್ದ ಇಳಿಸಬಹುದು, ಒಂದು ಅಂಕಿ ಬದಲಿಸಿದ್ರ ಮುಗೀತು. ನಾನು ಅದು ಬ್ಯಾಡ ಅಂದೆ, ಆ ನಿಯಮ ಇದ್ರ ಕೋಡ್ ತಪ್ಪಿ ಹುಟ್ಟೋ ಸಣ್ಣ ಅರೆಬರೆ ಐಡಿಗಳು ಒಳಗ ಬರಂಗಿಲ್ಲ, ಮತ್ತ ನಾಳೆ ಇನ್ನೊಂದು ಟೂಲ್ ಹಚ್ಚಿದ್ರ ಅಲ್ಲಿ ಇದ ತ್ರಾಸು ಹೊಳ್ಳಿ ಬರಬಹುದು. ಫೋನ್ ನಂಬರ್‌ನೇ ಐಡಿ ಮಾಡೋಣ ಅಂತ ನಮ್ಮ ಹುಡುಗ ಹೇಳಿದ, 10 ಅಂಕಿ ಬರೊಬ್ಬರಿ ಐತಿ ಅಂತ. ಅದಂತೂ ಖಂಡಿತ ಬ್ಯಾಡ ಅಂದೆ. ಮಂದಿ ಸಿಮ್ ಬದಲಿ ಮಾಡ್ತಾರ, ಅದಲ್ಲದ ಕಾಕು ನಂಬರ್ ಕೊಟ್ಟಿದ್ದು ಪಾರ್ಸೆಲ್ ಮುಟ್ಟಲಿ ಅಂತ, ಹೊರದೇಶದ ಸರ್ವರ್‌ನ್ಯಾಗ ಇಡಾಕಲ್ಲ. 2023ರ ಡೇಟಾ ರಕ್ಷಣೆ ಕಾಯ್ದೆ ಬ್ಯಾರೆ ಐತಿ. ಕಡೀಗೆ ನಂಬರ್ ಮುಂದ ಎರಡು ಅಕ್ಷರ ಹಚ್ಚಿ, ಸೊನ್ನೆ ತುಂಬಿ ಆರು ಅಂಕಿ ಮಾಡಿದ್ವಿ. ಕಾಕು ಈಗ ಎಚ್‌ಡಿ000212.

ಆದ್ರ ಆಂಪ್ಲಿಟ್ಯೂಡ್‌ಗೆ ಐಡಿ ಬದಲಾತು ಅಂದ್ರ ಬ್ಯಾರೆ ಮನಷಾನೇ. ಹಂಗ ಬಿಟ್ರ 10003 ಒಬ್ಬ, ಎಚ್‌ಡಿ010003 ಇನ್ನೊಬ್ಬ ಆಗ್ತಿದ್ರು. ಹೆಚ್ಚು ದಿನ ಆಗಿರ್ಲಿಲ್ಲ ಅಂತ ಹೊಸ ಪ್ರಾಜೆಕ್ಟ್ ಮಾಡಿ, ಹಳೆ ಆರ್ಡರ್ ಎಲ್ಲ ನಮ್ಮ ಡೇಟಾಬೇಸ್‌ನಿಂದ ತೆಗೆದು, ಅವತ್ತಿನ ಖರೇ ಟೈಮ್ ಹಾಕಿ ಬ್ಯಾಚ್ ಎಪಿಐ (ಒಮ್ಮೆಲೆ ಭಾಳ ಇವೆಂಟ್ ಕಳಿಸೋ ದಾರಿ) ಮೂಲಕ ತುಂಬಿದ್ವಿ. ಆರ್ಡರ್ ನಂಬರ್‌ನೇ ಇನ್ಸರ್ಟ್ ಐಡಿ (ಅದ ಇವೆಂಟ್ ಹೊಳ್ಳಿ ಬಂದ್ರ ಗುರುತು ಹಿಡಿಯೋ ನಂಬರ್) ಮಾಡಿದ್ದು ಚಲೋ ಆತು, ನಡುವ ನೆಟ್ ಹೋಗಿ ಸ್ಕ್ರಿಪ್ಟ್ ಎರಡು ಸಲ ಓಡಿಸಿದ್ರೂ ಡಬಲ್ ಆಗ್ಲಿಲ್ಲ. ಮತ್ತ ಚೆಕ್‌ಔಟ್ ಟೈಮಿಗೆ ಕುಕಿಯಿಂದ ಅನಾನಿಮಸ್ ಐಡಿ ತಗೊಂಡು ಸರ್ವರ್ ಆರ್ಡರ್ ಜೋಡಿನೂ ಕಳಸಾಕತ್ತೀವಿ, ಬ್ರೌಸರ್‌ನ್ಯಾಗ ನೋಡಿದವರು ತಗೊಂಡವರು ಒಬ್ರೇ ಅಂತ ಕೂಡ್ತೈತಿ.

ಕೌಂಟರ್‌ನ್ಯಾಗ ಒಂದು ಟ್ಯಾಬ್ ಐತಿ, ವಯಸ್ಸಾದವ್ರು ಬಂದ್ರ ಅವ್ರ ಖಾತೆ ತೆಗೆದು ಆರ್ಡರ್ ಹಾಕಿ ಕೊಡಾಕ. ಅಲ್ಲಿ ಲಾಗೌಟ್ ಆದಾಗ ರಿಸೆಟ್ ಕಾಲ್ (ಹಿಂದಿನವ್ರ ಗುರುತು ಅಳಿಸೋ ಕೋಡ್) ಮಾಡ್ತಿರ್ಲಿಲ್ಲ, ಹಿಂಗಾಗಿ ಮುಂದಿನವ್ರು ಲಾಗಿನ್ ಆಗೋ ತನಕ ನೋಡಿದ್ದೆಲ್ಲ ಹಿಂದಿನವ್ರ ಲೆಕ್ಕಕ್ಕ ಬೀಳ್ತಿತ್ತು. ಒಂದು ಸಾಲು ಕೋಡ್, ಹಚ್ಚಿದ್ವಿ.

ಬ್ಯಾನರ್ ಹಾಕ್ಲಿಲ್ಲ. ಈಗ ಪ್ರತಿ ಸೋಮವಾರ ಮುಂಜಾನೆ ಅಕ್ಕಾರ ಆರ್ಡರ್ ವಹಿ ಒಂದ ಕಡೆ, ಆಂಪ್ಲಿಟ್ಯೂಡ್ ಒಂದ ಕಡೆ ಇಟ್ಕೊಂಡು ವಾರದ ಸಂಖ್ಯೆ ತಾಳೆ ನೋಡ್ತೀವಿ. ಹೋದ ವಾರ ಎರಡು ಕಡಿಮಿ ಬಂದ್ವು, ಹುಡುಕಿದ್ರ ಎರಡೂ ಕೌಂಟರ್‌ನ್ಯಾಗ ನಗದು ಕೊಟ್ಟು ಒಯ್ದಿದ್ವು, ಸೈಟ್‌ಗೆ ಬಂದೇ ಇರ್ಲಿಲ್ಲ.